ಅಕ್ಟೋಬರ್‌ಗೆ ಜಾಥಾ, ಸೆಪ್ಟೆಂಬರ್‌ಗೆ ಗ್ಯಾಸ್ ಮಾತ್ರೆ!

ಅಕ್ಟೋಬರ್ ಬಂತೆಂದರೆ ಸಾಕು, ಊರಿಗೆ ಊರೇ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ರಿಬ್ಬನ್, ಗುಲಾಬಿ ಟೋಪಿ, ಗುಲಾಬಿ ಬಲೂನು. ಕಾಲೇಜು ಹುಡುಗಿಯರ ಕೈಗೆ ಫಲಕ, ಗಣ್ಯರ ಕೈಗೆ ಹಸಿರು ಬಾವುಟ. ಜಾಥಾ ಹೊರಡುತ್ತದೆ, ಟ್ರಾಫಿಕ್ ನಿಲ್ಲುತ್ತದೆ, ಜಯದೇವ ಸರ್ಕಲ್‌ನಲ್ಲಿ ಭಾಷಣ ಆಗುತ್ತದೆ. ಸಂಜೆಗೆ ಫೋಟೋ ಪೇಪರಿನಲ್ಲಿ. ಸ್ತನ ಕ್ಯಾನ್ಸರ್ ಜಾಗೃತಿ ಅಂದರೆ ಇಷ್ಟು ಸಂಭ್ರಮ. ಆಗಲಿ, ಒಳ್ಳೆಯದೇ. ಅದರ ಮೇಲೆ ನಮ್ಮ ತಕರಾರಿಲ್ಲ.

ತಕರಾರು ಇರೋದು ಅದರ ಹಿಂದಿನ ತಿಂಗಳ ಬಗ್ಗೆ.

ಸೆಪ್ಟೆಂಬರ್ ಯಾವ ಕ್ಯಾನ್ಸರಿನ ತಿಂಗಳು, ಹೇಳಿ ನೋಡೋಣ ಸ್ವಾಮಿ? ಮಂಡಿಪೇಟೆಯಲ್ಲಿ ಹತ್ತು ಅಂಗಡಿ ಮೆಟ್ಟಿಲು ಹತ್ತಿ ಕೇಳಿ. ಬಸ್ ಸ್ಟ್ಯಾಂಡಿನಲ್ಲಿ ಹರಿಹರದ ಬಸ್ಸಿಗೆ ಕಾಯುತ್ತಿರುವ ಐವತ್ತು ಜನರನ್ನು ಕೇಳಿ. ಯಾರಾದರೂ ಸರಿಯಾಗಿ ಹೇಳಿದರೆ ನಮ್ಮ ಆಫೀಸಿಗೆ ಸುದ್ದಿ ಮುಟ್ಟಿಸಿ, ಮುಖಪುಟದಲ್ಲಿ ಹಾಕಿಸುತ್ತೇನೆ.

ಅದು ಅಂಡಾಶಯದ ಕ್ಯಾನ್ಸರಿನ ತಿಂಗಳು. ಡಾಕ್ಟರುಗಳು ಓವರಿ ಕ್ಯಾನ್ಸರ್ ಅಂತಾರೆ. ಅದಕ್ಕೂ ಒಂದು ರಿಬ್ಬನ್ ಇದೆ, ನೀಲಿ ಹಸಿರು ಬೆರೆತ ಬಣ್ಣದ್ದು. ಅದಕ್ಕೂ ಒಂದು ವಿಶ್ವ ದಿನ ಇದೆ, 2013ರಿಂದ ಪ್ರತಿವರ್ಷ ಮೇ 8. ಆ ದಿನ ನಮ್ಮೂರಲ್ಲಿ ಒಂದು ಬಲೂನು ಹಾರಿದ್ದನ್ನು ನಾನು ಕಂಡಿಲ್ಲ. ಕಂಡಿದ್ದರೂ ಬರೆಯುತ್ತಿದ್ದೆನೋ ಇಲ್ಲವೋ! ಗುಲಾಬಿ ಜಾಥಾದ ಸುದ್ದಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈ ಇನ್ನೊಂದರ ಬಗ್ಗೆ ಇವತ್ತಿನವರೆಗೆ ಒಂದು ಸಾಲು ಬರೆದಿಲ್ಲ. ಬೇರೆಯವರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಂಡು ಶುರು ಮಾಡುತ್ತಿದ್ದೇನೆ.

ಅಂಗಡ್ಯಾಗೆ ಇದ್ದ ಓಮ

ಈ ಬುದ್ಧಿ ಬಂದದ್ದು ಒಂದು ಸಾವಿನ ಮನೆಯಲ್ಲಿ.

ಹಳೇ ದಾವಣಗೆರೆಯಲ್ಲಿ ಒಂದು ಕಿರಾಣಿ ಅಂಗಡಿ. ಗಂಡ ಸಾಮಾನು ಕಟ್ಟಿದರೆ ಹೆಂಡತಿ ಗಲ್ಲಾಪೆಟ್ಟಿಗೆ ಮುಂದೆ. ಐವತ್ತು ದಾಟಿದ ಹೆಂಗಸು, ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಚಿಲ್ಲರೆ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದವರಲ್ಲ.

ಒಂದು ವರ್ಷ ಯುಗಾದಿ ಹೊತ್ತಿಗೆ ಅಕ್ಕನಿಗೆ ಹೊಟ್ಟೆ ಉಬ್ಬರ ಶುರುವಾಯಿತು. ‘ಲಂಗದ ಲಾಡಿ ಬಿಗಿ ಆಗ್ತೈತಿ’ ಅಂತ ನಗುತ್ತಿದ್ದರು. ಅರ್ಧ ರೊಟ್ಟಿ ತಿಂದರೆ ಸಾಕು ಅನ್ನೋದು. ಗಳಿಗೆಗೊಮ್ಮೆ ಎದ್ದು ಹಿತ್ತಲ ಕಡೆ ಹೋಗೋದು. ನೋಡಿದವರು ‘ವಯಸ್ಸಾತು, ಮೈ ಬಂದೈತಿ’ ಅಂದರು. ಮುಖ ಮಾತ್ರ ಸೊರಗುತ್ತಿತ್ತು, ಅದನ್ನು ಯಾರೂ ನೋಡಲಿಲ್ಲ. ಮೆಡಿಕಲ್ ಶಾಪಿನಿಂದ ಗ್ಯಾಸ್ ಮಾತ್ರೆ ಬಂತು. ಒಬ್ಬ ಡಾಕ್ಟರು ಅಸಿಡಿಟಿ ಅಂದರು, ಇನ್ನೊಬ್ಬರು ಟೆನ್ಷನ್ ಅಂದರು. ಹತ್ತು ತಿಂಗಳು ಹೀಗೇ ಕಳೆಯಿತು. ಸಂಕ್ರಾಂತಿ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿ ಉಸಿರಾಡೋದು ಕಷ್ಟವಾದಾಗ ಸ್ಕ್ಯಾನಿಂಗ್ ಮಾಡಿಸಿದರು. ಓವರಿಯಲ್ಲಿ ಹುಟ್ಟಿದ ಕ್ಯಾನ್ಸರು ಹೊಟ್ಟೆಯೆಲ್ಲಾ ಹರಡಿತ್ತು. ಬೆಂಗಳೂರಿಗೆ ಓಡಾಟ, ಆಪರೇಷನ್ನು, ಕಿಮೋ. ಎರಡನೇ ದೀಪಾವಳಿ ನೋಡಲಿಲ್ಲ.

ಮಾತಾಡಿಸಲು ಹೋದಾಗ ಆ ಅಣ್ಣ ಹೇಳಿದ್ದು ಇಷ್ಟೇ: ‘ನಮ್ ಅಂಗಡ್ಯಾಗೆ ಓಮ ಇತ್ತು, ಜೀರಿಗೆ ಇತ್ತು, ಸೋಡಾ ಇತ್ತು. ಅದ್ನೇ ಕೊಡ್ಕೋತ ಕುಂತ್ವಿ. ಒಬ್ರು, ಒಬ್ರಾದ್ರೂ ಹಿಂಗೂ ಇರಬಹುದು ಅಂತ ಹೇಳಿದ್ರೆ ಸಾಕಿತ್ತಪ್ಪ.’

ಹೇಳಬೇಕಾದವರಲ್ಲಿ ಪೇಪರಿನವನಾದ ನಾನೂ ಒಬ್ಬ. ವಾರಕ್ಕೆ ಮೂರು ಸಲ ಅದೇ ಅಂಗಡಿ ಮುಂದೆ ನಿಲ್ಲುತ್ತಿದ್ದವನು.

ಲೆಕ್ಕ ನೋಡಿ

ನಾನು ಡಾಕ್ಟರಲ್ಲ, ಪಿಯುಸಿಯನ್ನೇ ಅರ್ಧಕ್ಕೆ ಬಿಟ್ಟವನು. ಆದರೆ ಕೂಡಿ ಕಳೆಯೋದು ಬರುತ್ತದೆ. ವ್ಯಾಪಾರ ಮಾಡುವ ನಿಮಗೆ ನನಗಿಂತ ಚೆನ್ನಾಗಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು ಇಲ್ಲಿದೆ. 2022ರಲ್ಲಿ ಭಾರತದಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಂಡದ್ದು ಸುಮಾರು 1 ಲಕ್ಷ 92 ಸಾವಿರ ಜನರಲ್ಲಿ, ಸತ್ತವರು ಸುಮಾರು 98 ಸಾವಿರ. ಅಂಡಾಶಯದ ಕ್ಯಾನ್ಸರ್ ಹೊಸದಾಗಿ ಕಂಡದ್ದು ಸುಮಾರು 47 ಸಾವಿರ ಜನರಲ್ಲಿ, ಸತ್ತವರು ಸುಮಾರು 33 ಸಾವಿರ.

ಸತ್ತವರ ಲೆಕ್ಕದಲ್ಲಿ ಅದು ಮೂರಾದರೆ ಇದು ಒಂದು. ಸರಿ, ಪ್ರಚಾರವೂ ಮೂರಕ್ಕೆ ಒಂದು ಇರಲಿ ಬಿಡಿ. ಅಕ್ಟೋಬರ್‌ನಲ್ಲಿ ಮೂವತ್ತು ಪೋಸ್ಟರ್ ಅಂಟಿಸಿದರೆ ಸೆಪ್ಟೆಂಬರ್‌ನಲ್ಲಿ ಹತ್ತು ಅಂಟಿಸಿ. ಇಲ್ಲಿ ಆಗುತ್ತಿರುವುದು ಮೂವತ್ತಕ್ಕೆ ಸೊನ್ನೆ!

ಇನ್ನೊಂದು ಲೆಕ್ಕವೂ ಇದೆ. ಅದೇ ಒಂದು ವರ್ಷದಲ್ಲಿ ಸ್ತನ ಕ್ಯಾನ್ಸರಿನ ನೂರು ಹೊಸ ರೋಗಿಗಳಿಗೆ ಸುಮಾರು ಐವತ್ತು ಸಾವು. ಅಂಡಾಶಯದ್ದಾದರೆ ನೂರಕ್ಕೆ ಸುಮಾರು ಎಪ್ಪತ್ತು. ಕಾರಣ, ಇದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಬಹುಪಾಲು ಹೆಂಗಸರಿಗೆ ಇದು ಪತ್ತೆಯಾಗುವುದೇ ಮೂರನೇ ಇಲ್ಲವೇ ನಾಲ್ಕನೇ ಹಂತದಲ್ಲಿ. ಅಮೆರಿಕದ ಅಂಕಿಅಂಶದ ಪ್ರಕಾರ ರೋಗ ಅಂಡಾಶಯದಲ್ಲೇ ಇದ್ದಾಗ ಸಿಕ್ಕರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ ಮೇಲೆ ಸಿಕ್ಕರೆ ಮೂವತ್ತರ ಆಸುಪಾಸು.

ಯಾಕೆ ಈ ತಾರತಮ್ಯ?

ಮೊದಲನೆಯದಾಗಿ, ಗುಲಾಬಿಯ ಹಿಂದೆ ದುಡ್ಡಿತ್ತು. ಅಕ್ಟೋಬರ್ ಪ್ರಚಾರ ಅಮೆರಿಕದಲ್ಲಿ 1985ರಲ್ಲಿ ಶುರುವಾದಾಗ ಜೊತೆಗೆ ನಿಂತದ್ದು ಒಂದು ದೊಡ್ಡ ಔಷಧಿ ಕಂಪನಿ. 1992ರಲ್ಲಿ ಗುಲಾಬಿ ರಿಬ್ಬನ್ನನ್ನು ಅಂಗಡಿ ಅಂಗಡಿಗೆ ತಲುಪಿಸಿದ್ದು ಎಸ್ಟೀ ಲಾಡರ್ ಎಂಬ ಸೌಂದರ್ಯವರ್ಧಕ ಕಂಪನಿ. ಗಿರಾಕಿ ಬರುವ ಕಡೆ ಅಂಗಡಿ ತೆರೆಯುವುದು ವ್ಯಾಪಾರಧರ್ಮ, ತಪ್ಪೇನಿಲ್ಲ. ಆದರೆ ರೋಗಿಯ ಕಷ್ಟಕ್ಕೂ ಜಾಹೀರಾತಿನ ಬಲ ಬೇಕಾಯಿತಲ್ಲ ಅನ್ನೋದೇ ಬೇಸರ.

ಎರಡನೆಯದು, ಇದು ಕಣ್ಣಿಗೆ ಕಾಣದ ಅಂಗ. ಸಿನಿಮಾ ತಾರೆ ಏಂಜಲಿನಾ ಜೋಲಿ ಅನುವಂಶೀಯ ದೋಷವಿದೆ ಅಂತ ಗೊತ್ತಾಗಿ 2013ರಲ್ಲಿ ಎದೆಯ ಆಪರೇಷನ್ ಮಾಡಿಸಿಕೊಂಡಾಗ ಜಗತ್ತೆಲ್ಲಾ ಅದೇ ಮಾತು. 2015ರಲ್ಲಿ ಅದೇ ಕಾರಣಕ್ಕೆ ಆಕೆ ಅಂಡಾಶಯ ತೆಗೆಸಿಕೊಂಡದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಷ್ಟು ದೂರ ಯಾಕೆ, ‘ಬಾಂಬೆ’ ಸಿನಿಮಾದ ಮನೀಷಾ ಕೊಯಿರಾಲಾ ಅವರಿಗೆ 2012ರಲ್ಲಿ ಬಂದದ್ದು ಇದೇ ಕ್ಯಾನ್ಸರ್. ಗೆದ್ದು ಬಂದರು, ಪುಸ್ತಕ ಬರೆದರು, ಮತ್ತೆ ನಟಿಸಿದರು. ಆಕೆಗೆ ಕ್ಯಾನ್ಸರ್ ಆಗಿತ್ತು ಅಂತ ಎಲ್ಲರಿಗೂ ಗೊತ್ತು. ಯಾವ ಕ್ಯಾನ್ಸರ್ ಅಂದರೆ ತಲೆ ಕೆರೆದುಕೊಳ್ಳುತ್ತಾರೆ.

ಮೂರನೆಯದು, ಸರ್ಕಾರ. ಮೂವತ್ತು ದಾಟಿದವರಿಗೆ ಸರ್ಕಾರ ಮಾಡುವ ಕ್ಯಾನ್ಸರ್ ತಪಾಸಣೆಯಲ್ಲಿ ಇರುವುದು ಮೂರೇ: ಬಾಯಿ, ಸ್ತನ, ಗರ್ಭಕಂಠ. ಅಂಡಾಶಯ ಇಲ್ಲ. ಇದಕ್ಕೆ ಸರ್ಕಾರವನ್ನು ಬೈಯಲು ಪೆನ್ನು ಎತ್ತಿದವನು ವಿಷಯ ತಿಳಿದ ಮೇಲೆ ಕೆಳಗಿಟ್ಟೆ. ಆರೋಗ್ಯವಾಗಿರುವ ಹೆಂಗಸರಲ್ಲಿ ಈ ರೋಗವನ್ನು ಮೊದಲೇ ಹುಡುಕಿ ಜೀವ ಉಳಿಸುವ ಪರೀಕ್ಷೆ ಇನ್ನೂ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು 2001ರಿಂದ 2005ರವರೆಗೆ ಸೇರಿಸಿಕೊಂಡು, ಕೆಲವರಿಗೆ ರಕ್ತಪರೀಕ್ಷೆ, ಕೆಲವರಿಗೆ ಸ್ಕ್ಯಾನಿಂಗ್ ಮಾಡುತ್ತಾ ವರ್ಷಗಟ್ಟಲೆ ನೋಡಿದರು. 2021ರಲ್ಲಿ ಬಂದ ಫಲಿತಾಂಶ ಏನು? ಪರೀಕ್ಷೆ ಮಾಡಿಸಿಕೊಂಡವರಲ್ಲೂ ಈ ರೋಗದಿಂದ ಸಾಯುವವರ ಸಂಖ್ಯೆ ಕಡಿಮೆ ಆಗಲಿಲ್ಲ.

‘ಪರೀಕ್ಷೆಯೇ ಇಲ್ಲದ ಮೇಲೆ ಪ್ರಚಾರ ಯಾಕೆ?’ ಅಂತ ತಿಳಿದವರೇ ಕೇಳುತ್ತಾರೆ. ಇಲ್ಲೇ ನನ್ನ ತಕರಾರು. ಬೀಗ ಇಲ್ಲದ ಮನೆಗೆ ಕಾವಲು ಹೆಚ್ಚು ಬೇಕೋ ಕಡಿಮೆ ಬೇಕೋ? ಸ್ತನ ಕ್ಯಾನ್ಸರಿಗೆ ಕೈಗೆ ಸಿಗುವ ಗಂಟಿದೆ, ಮ್ಯಾಮೊಗ್ರಾಮ್ ಇದೆ. ಗರ್ಭಕಂಠದ್ದಕ್ಕೆ ತಪಾಸಣೆ ಇದೆ, ಲಸಿಕೆಯೂ ಬಂದಿದೆ. ಇದಕ್ಕೆ ಇರೋದು ಹೆಂಗಸಿಗೆ ತನ್ನ ಹೊಟ್ಟೆಯ ಬಗ್ಗೆ ಇರುವ ತಿಳಿವಳಿಕೆ ಒಂದೇ. ಅದನ್ನೂ ಕೊಡದಿದ್ದರೆ ಉಳಿಯೋದು ಓಮದ ಕಾಳು.

ನಾಲ್ಕು ಮಾತು, ಹನ್ನೆರಡು ದಿನ

ತಿಳಿವಳಿಕೆ ಅಂದರೆ ದೊಡ್ಡ ಗ್ರಂಥ ಅಲ್ಲ. ನಾಲ್ಕೇ ಮಾತು. ಹೊಟ್ಟೆ ಉಬ್ಬರ. ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು. ಹೊಟ್ಟೆ ಅಥವಾ ಕಿಬ್ಬೊಟ್ಟೆ ನೋವು. ಪದೇ ಪದೇ, ಅವಸರವಾಗಿ ಮೂತ್ರ. ಇವು ಮೊದಲು ಇಲ್ಲದೆ ಈಗ ಹೊಸದಾಗಿ ಶುರುವಾಗಿರಬೇಕು, ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚು ಕಾಡುತ್ತಿರಬೇಕು. ಅಮೆರಿಕದ ಡಾಕ್ಟರ್ ಬಾರ್ಬರಾ ಗಾಫ್ ಮತ್ತು ಜೊತೆಯವರು 2007ರಲ್ಲಿ ಈ ಹನ್ನೆರಡರ ಲೆಕ್ಕ ಕೊಟ್ಟರು. ಬ್ರಿಟನ್ನಿನ ಡಾಕ್ಟರುಗಳಿಗೆ 2011ರಲ್ಲಿ ಬಂದ ಮಾರ್ಗಸೂಚಿಯೂ ಇದನ್ನೇ ಹೇಳಿತು: ಇಂಥ ಹೆಂಗಸು, ಅದರಲ್ಲೂ ಐವತ್ತು ದಾಟಿದವಳು ಬಂದರೆ ಗ್ಯಾಸ್ ಅಂತ ಕಳಿಸಬೇಡಿ, ಮೊದಲು ಸಿಎ-125 ಎಂಬ ರಕ್ತಪರೀಕ್ಷೆ, ಅದು ಹೆಚ್ಚು ಬಂದರೆ ಸ್ಕ್ಯಾನಿಂಗ್ ಮಾಡಿಸಿ. ತೊಂದರೆ ಇಲ್ಲದವರಿಗೆ ಉಪಯೋಗವಾಗದ ಪರೀಕ್ಷೆ, ತೊಂದರೆ ಇದ್ದವರಿಗೆ ದಾರಿ ತೋರಿಸುತ್ತದೆ.

ಹೆದರಿಸುವುದು ನನ್ನ ಉದ್ದೇಶವಲ್ಲ. ಹೊಟ್ಟೆ ಉಬ್ಬಿದವರೆಲ್ಲಾ ಕ್ಯಾನ್ಸರಿನವರಲ್ಲ, ಬಹುಪಾಲು ಅದು ಬರೀ ಗ್ಯಾಸೇ. ಲಕ್ಷಣ ತಿಳಿದವರೆಲ್ಲಾ ಬದುಕುತ್ತಾರೆ ಅಂತಲೂ ನಾನು ಹೇಳಲ್ಲ. ಎಷ್ಟೋ ಸಲ ಲಕ್ಷಣ ಕಾಣುವ ಹೊತ್ತಿಗೇ ರೋಗ ಹರಡಿರುತ್ತದೆ. ಆದರೆ ಹತ್ತು ತಿಂಗಳು ವೃಥಾ ಕಳೆಯೋದಾದರೂ ತಪ್ಪಲಿ.

ಎರಡು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೊಳೆದುಬಿಡೋಣ. ‘ನಂದು ಗರ್ಭಕೋಶ ತೆಗೆಸಿ ಆಗೈತಿ, ನಂಗೇನೂ ಬರಲ್ಲ’ ಅನ್ನುವ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಬಹಳ. ಗರ್ಭಕೋಶ ತೆಗೆದಾಗ ಎಷ್ಟೋ ಸಲ ಅಂಡಾಶಯ ಹಾಗೇ ಉಳಿಸಿರುತ್ತಾರೆ. ಡಾಕ್ಟರನ್ನು ಕೇಳಿ ತಿಳಿದುಕೊಳ್ಳಿ. ಎರಡನೆಯದು, ಗರ್ಭಕಂಠಕ್ಕೆ ಮಾಡುವ ಪ್ಯಾಪ್ ಪರೀಕ್ಷೆಯಲ್ಲಿ ಅಂಡಾಶಯದ ಕ್ಯಾನ್ಸರ್ ಗೊತ್ತಾಗುತ್ತದೆ ಅಂತ ನಂಬಬೇಡಿ. ಅದು ಬೇರೆ, ಇದು ಬೇರೆ. ಹಾಗೇ, ತಾಯಿಗೋ ಅಕ್ಕತಂಗಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

ಖರ್ಚಿಲ್ಲದ ಮೂರು ಕೆಲಸ

ಜಾಥಾಕ್ಕೆ ದುಡ್ಡು ಬೇಕು. ನಾನು ಕೇಳುವ ಮೂರು ಕೆಲಸಕ್ಕೆ ದುಡ್ಡು ಬೇಕಿಲ್ಲ, ಬೇಕಾದರೂ ಬಿಡಿಗಾಸು.

ಒಂದು, ಮೆಡಿಕಲ್ ಶಾಪಿನವರು. ನಮ್ಮೂರಿನ ಅರ್ಧ ಜನಕ್ಕೆ ಮೊದಲ ಡಾಕ್ಟರು ನೀವೇ. ನಲವತ್ತೈದು ದಾಟಿದ ಹೆಂಗಸೊಬ್ಬಳು, ಅಥವಾ ಅವಳ ಪರವಾಗಿ ಗಂಡನೋ ಮಗನೋ, ತಿಂಗಳೊಳಗೆ ಮೂರನೇ ಸಲ ಗ್ಯಾಸ್ ಮಾತ್ರೆಗೆ ಬಂದರೆ ಒಂದು ಮಾತು ಹೇಳಿ: ‘ಡಾಕ್ಟರಿಗೆ ತೋರಿಸಿ, ಹೊಟ್ಟೆ ಸ್ಕ್ಯಾನಿಂಗ್ ಬೇಕಾ ಕೇಳಿ.’ ನಿಮ್ಮ ವ್ಯಾಪಾರ ಒಂದು ಸ್ಟ್ರಿಪ್ಪು ಕಡಿಮೆ ಆಗಬಹುದು.

ಎರಡು, ಸಾರಿಗೆ ಸಂಸ್ಥೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನ ತುಂಬಾ ಹೆಂಗಸರೇ. ಗಂಡಸರು ನಿಂತು ಗೊಣಗುತ್ತಾರೆ, ಗೊಣಗಲಿ. ಇಷ್ಟು ಹೆಂಗಸರು ಅರ್ಧ ಗಂಟೆ ಒಂದೇ ಕಡೆ ನೋಡುತ್ತಾ ಕೂರುವ ಜಾಗ ಬೇರೆಲ್ಲಿದೆ? ಡ್ರೈವರ್ ಸೀಟಿನ ಹಿಂದೆ ಪೈಲ್ಸ್ ಔಷಧಿ, ವಶೀಕರಣದ ಜ್ಯೋತಿಷ್ಯದ ಚೀಟಿಗೆ ಜಾಗವಿದೆ. ಈ ನಾಲ್ಕು ಮಾತಿಗೆ ಒಂದು ಗೇಣು ಜಾಗ ಕೊಡಿ. ಖಾಸಗಿ ಬಸ್ಸಿನ ಮಾಲೀಕರೂ ಕೊಡಲಿ.

ಮೂರು, ಅಂಗಡಿಯವರು. ವರ್ಷದ ಕೊನೆಗೆ ಗಿರಾಕಿಗಳಿಗೆ ಕ್ಯಾಲೆಂಡರ್ ಹಂಚುತ್ತೀರಿ. ಅದು ಹೋಗಿ ಕೂರುವುದು ಅಡುಗೆಮನೆ ಗೋಡೆಗೆ. ಹಾಲು ಎಷ್ಟು ದಿನ ಬಂತು, ಗ್ಯಾಸ್ ಸಿಲಿಂಡರ್ ಯಾವತ್ತು ಹಚ್ಚಿದ್ದು, ಎಲ್ಲಾ ಹೆಂಗಸರು ಅದರ ಮೇಲೇ ಗುರುತು ಹಾಕುತ್ತಾರೆ. ಹೊಟ್ಟೆಯ ಲೆಕ್ಕಕ್ಕೂ ಅಲ್ಲೇ ಒಂದು ಚುಕ್ಕೆ ಇಡಲಿ. ಹನ್ನೆರಡು ಚುಕ್ಕೆ ದಾಟಿದರೆ ಆ ಕ್ಯಾಲೆಂಡರ್ ಹಾಳೆಯನ್ನೇ ಹರಿದುಕೊಂಡು ಡಾಕ್ಟರ ಹತ್ತಿರ ಹೋಗಲಿ. ‘ಏನೋ ಒಂಥರಾ ಆಗ್ತೈತಿ’ ಅಂದರೆ ಕೇಳದ ಡಾಕ್ಟರೂ ಚುಕ್ಕೆ ನೋಡಿದರೆ ಒಂದು ಗಳಿಗೆ ನಿಲ್ಲುತ್ತಾರೆ.

ಮೊನ್ನೆ ಆ ಕಿರಾಣಿ ಅಂಗಡಿ ಅಣ್ಣನಿಗೆ ಈ ಮಾತು ಹೇಳಿದೆ. ಅಕ್ಕ ಕೂರುತ್ತಿದ್ದ ಜಾಗದಲ್ಲಿ ಈಗ ಸೊಸೆ ಕೂರುತ್ತಾಳೆ. ಅಣ್ಣ ಸುಮ್ಮನೆ ಕೇಳಿಸಿಕೊಂಡು ಸಕ್ಕರೆ ಕಟ್ಟಿದರು. ಆಮೇಲೆ ಅಂದರು: ‘ಈ ಸಲ ಕ್ಯಾಲೆಂಡರ್‌ನ್ಯಾಗೆ ಅಂಗಡಿ ಹೆಸರು ಸಣ್ಣದು ಮಾಡಿಸ್ತೀನಿ. ನೀ ಹೇಳಿದ್ದು ದೊಡ್ಡ ಅಕ್ಷರದಾಗೆ ಬರ್ಕೊಡು.’

ಬರೆದುಕೊಟ್ಟಿದ್ದೇನೆ. ಬೇರೆ ಅಂಗಡಿಯವರಿಗೆ ಬೇಕಾದರೆ ಅವರಿಗೂ ಬರೆದುಕೊಡುತ್ತೇನೆ, ಪುಕ್ಕಟೆ. ಮುಂದಿನ ಸೆಪ್ಟೆಂಬರ್‌ಗೆ ಬಲೂನು ಬೇಡ, ಭಾಷಣವೂ ಬೇಡ. ಸಂಬಂಧಪಟ್ಟವರು ಬಸ್ಸಿನಲ್ಲಿ ಒಂದು ಗೇಣು ಜಾಗ ಕೊಡುತ್ತಾರೋ ಇಲ್ಲವೋ, ಇದೇ ಅಂಕಣದಲ್ಲಿ ಬರೆಯುತ್ತೇನೆ.