ಡ್ಯೂಟಿ ಪಟ್ಟಿಗೆ ಓದಲು ಬಾರದ ಸರ್ಟಿಫಿಕೇಟು

ಹಾವೇರಿ ಕಡೆಯ ತಾಲ್ಲೂಕು ಆಸ್ಪತ್ರೆಯಿರಲಿ, ಘಟ್ಟದ ಮೇಲಿನ ಯಲ್ಲಾಪುರವಿರಲಿ, ರೋಗಿಯ ಸ್ಥಿತಿ ಕೈಮೀರಿತೆಂದು ಗೊತ್ತಾದಾಗ ಕೇಳಿಬರುವ ಮಾತು ಒಂದೇ: ‘ಲಗೂನ ಹುಬ್ಬಳ್ಳಿಗೆ ಒಯ್ಯಿರಿ.’ ಹುಬ್ಬಳ್ಳಿ ಎಂದರೆ ಇಲ್ಲಿ ಬಹುತೇಕ ವಿದ್ಯಾನಗರದ ಕಿಮ್ಸ್ ಎಂದೇ ಅರ್ಥ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಶುರುವಾದ ಈ ಸಂಸ್ಥೆಯ ಹೆಸರು ಈಚೆಗೆ ಕೆಎಂಸಿಆರ್‌ಐ ಎಂದಾಗಿದೆ. ಫಲಕ ಬದಲಾಗಿದೆ, ಜನರ ನಾಲಿಗೆ ಬದಲಾಗಿಲ್ಲ.

ಇಂಥ ಯಾವುದೇ ದೊಡ್ಡಾಸ್ಪತ್ರೆಯ ಕ್ಯಾಜುವಾಲ್ಟಿ ಬಾಗಿಲಲ್ಲಿ ಸ್ಟ್ರೆಚರ್ ಇಳಿದಾಗ ರೋಗಿಯ ಮೈಮುಟ್ಟಿ ನೋಡುವ ಮೊದಲ ಕೈ ಸಾಮಾನ್ಯವಾಗಿ ನರ್ಸಿನದು. ‘ಸಿಸ್ಟರ್, ನಮ್ಮವರನ್ನ ಮೊದಲ ನೋಡ್ರಿ’ ಎಂದು ನಾಲ್ಕು ಕಡೆಯಿಂದ ಕರೆಯುತ್ತಿರುತ್ತಾರೆ. ಕಾಲು ಮುರಿದವನು ಜೋರಾಗಿ ಚೀರುತ್ತಿರುತ್ತಾನೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿರುವವನು ಮೂಲೆಯಲ್ಲಿ ಬೆವರುತ್ತ ಸುಮ್ಮನೆ ಕೂತಿರುತ್ತಾನೆ. ಸುಮ್ಮನಿರುವವನ ಕಡೆ ಮೊದಲು ಹೋಗಬೇಕೆಂದು ತಿಳಿಯುವುದು, ಅವನಿಗೆ ಕೆಂಪು ಪಟ್ಟಿ, ಚೀರುವವನಿಗೆ ಹಳದಿ ಪಟ್ಟಿ ಎಂದು ಎರಡು ನಿಮಿಷದಲ್ಲಿ ತೀರ್ಮಾನಿಸುವುದು ಕಲಿತು ಬರುವ ವಿದ್ಯೆ. ‘ಅನುಭವ ಆದರೆ ತಾನಾಗಿ ಬರುತ್ತದೆ’ ಎನ್ನುವವರಿದ್ದಾರೆ. ಬರುತ್ತದೆ ನಿಜ. ಆದರೆ ಆ ಅನುಭವ ಬರುವ ತನಕ ಅದರ ಬೆಲೆಯನ್ನು ರೋಗಿಗಳು ತೆರುತ್ತಿರುತ್ತಾರೆ.

ಅಮೆರಿಕದ ನರ್ಸುಗಳು ಈ ವಿದ್ಯೆಗೊಂದು ಪ್ರತ್ಯೇಕ ಗುರುತು ಕೊಟ್ಟ ಕಥೆ ಸ್ವಾರಸ್ಯವಾಗಿದೆ. ಬಫಲೋ ನಗರದ ಅನಿಟಾ ಡಾರ್ ಎಂಬ ನರ್ಸಿಗೆ ಒಂದು ಸಂಗತಿ ಸದಾ ಕಾಡುತ್ತಿತ್ತು. ಉಸಿರು ನಿಂತ ರೋಗಿ ಮುಂದೆ ಬಿದ್ದಿರುವಾಗ ಔಷಧಿ ಒಂದು ಕಪಾಟಿನಲ್ಲಿ, ಟ್ಯೂಬು ಇನ್ನೊಂದು ಕೋಣೆಯಲ್ಲಿ ಇರುತ್ತಿತ್ತು. 1968ರ ಸುಮಾರಿಗೆ ಅವರು ಬೇಕಾದುದೆಲ್ಲ ಒಂದೇ ಕಡೆ ಸಿಗುವಂಥ ಗಾಲಿಬಂಡಿಯೊಂದನ್ನು ರೂಪಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲೂ ‘ಕ್ರ್ಯಾಶ್ ಕಾರ್ಟ್’ ಎಂದು ಕರೆಸಿಕೊಳ್ಳುವ ಬಂಡಿಯ ಹಿರಿಯಕ್ಕ ಅದು. ಅದೇ ಅನಿಟಾ ಡಾರ್ ಮತ್ತು ಕ್ಯಾಲಿಫೋರ್ನಿಯಾದ ಜುಡಿತ್ ಕೆಲ್ಲೆಹರ್ ಸೇರಿ 1970ರಲ್ಲಿ ತುರ್ತು ನರ್ಸುಗಳ ಸಂಘ ಕಟ್ಟಿದರು. ಹತ್ತು ವರ್ಷದ ಮೇಲೆ, 1980ರಲ್ಲಿ, ‘ಸಿಇಎನ್’ (ಸರ್ಟಿಫೈಡ್ ಎಮರ್ಜೆನ್ಸಿ ನರ್ಸ್) ಪರೀಕ್ಷೆ ಶುರುವಾಯಿತು. 175 ಪ್ರಶ್ನೆ, ಮೂರು ಗಂಟೆ. ಪಾಸಾದವರು ಹೆಸರಿನ ಮುಂದೆ ಆ ಮೂರಕ್ಷರ ಬರೆದುಕೊಳ್ಳಬಹುದು, ಆದರೆ ನಾಲ್ಕು ವರ್ಷ ಮಾತ್ರ. ಆಮೇಲೆ ಮತ್ತೆ ಪರೀಕ್ಷೆಗೆ ಕೂರಬೇಕು, ಇಲ್ಲವೇ 100 ಗಂಟೆಗಳ ಕಲಿಕೆಯ ಲೆಕ್ಕ ಒಪ್ಪಿಸಬೇಕು.

ನಮ್ಮಲ್ಲೂ ಇಂಥದ್ದೊಂದು ಇದೆ, ಹೆಚ್ಚು ಜನಕ್ಕೆ ಗೊತ್ತಿಲ್ಲ ಅಷ್ಟೆ. ಭಾರತೀಯ ನರ್ಸಿಂಗ್ ಪರಿಷತ್ತು ‘ತುರ್ತು ಮತ್ತು ವಿಪತ್ತು ನರ್ಸಿಂಗ್’ ಎಂಬ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಕ್ಕೆ ಪಠ್ಯ ರೂಪಿಸಿದೆ. ಜಿಎನ್‌ಎಂ ಅಥವಾ ಬಿಎಸ್ಸಿ ಮುಗಿಸಿ, ನೋಂದಣಿಯಾಗಿ, ಕೆಲಸ ಮಾಡಿದ ಅನುಭವವಿದ್ದವರು ಸೇರಬಹುದು. ತರಗತಿಗಿಂತ ವಾರ್ಡಿನ ಕೆಲಸವೇ ಹೆಚ್ಚಿರುವ, ಯೋಗ್ಯವಾದ ಕೋರ್ಸು. ತಕರಾರು ಇರುವುದು ಆಮೇಲಿನದರ ಬಗ್ಗೆ. ಈ ಡಿಪ್ಲೊಮಾಕ್ಕೆ ಮುಕ್ತಾಯದ ದಿನಾಂಕವಿಲ್ಲ. ಇಂದು ಪಡೆದದ್ದು ನಿವೃತ್ತಿಯ ದಿನವೂ ಹೊಸದಾಗಿಯೇ ಇರುತ್ತದೆ, ಕಾಗದದ ಮೇಲೆ. ನವೀಕರಿಸಬೇಕಾದದ್ದು ನರ್ಸಿನ ಮೂಲ ನೋಂದಣಿ ಮಾತ್ರ. ಐದು ವರ್ಷಕ್ಕೊಮ್ಮೆ, 150 ಗಂಟೆಗಳ ನಿರಂತರ ಶಿಕ್ಷಣ ತೋರಿಸಿ, ಎಂಬುದು ಪರಿಷತ್ತಿನ ಕ್ರಮ. ಆ ಗಂಟೆಗಳನ್ನು ವೃದ್ಧರ ಆರೈಕೆಯ ವಿಚಾರ ಸಂಕಿರಣದಲ್ಲಿ ಕೂತೂ ತುಂಬಿಸಬಹುದು. ವೃದ್ಧರ ಆರೈಕೆ ಸಣ್ಣ ವಿಷಯವಲ್ಲ. ಆದರೆ ಕ್ಯಾಜುವಾಲ್ಟಿಯ ಕೈಗೆ ಅದರಿಂದ ಅಭ್ಯಾಸವಾಗುವುದಿಲ್ಲ.

ಕೈ ಮರೆಯುತ್ತದೆ ಎಂಬುದೇ ಇಲ್ಲಿನ ಮುಖ್ಯ ಮಾತು. ಹೃದಯ ನಿಂತವರ ಎದೆ ಒತ್ತುವುದನ್ನೇ ನೋಡಿ: ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ ಐದು ಸೆಂಟಿಮೀಟರ್ ಆಳ, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ತರಬೇತಿ ಮುಗಿದ ಕೆಲವೇ ತಿಂಗಳಲ್ಲಿ ಈ ಲಯ ತಪ್ಪತೊಡಗುತ್ತದೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಬಿಎಲ್‌ಎಸ್, ಎಸಿಎಲ್‌ಎಸ್ ಎಂಬ ಜೀವರಕ್ಷಣಾ ತರಬೇತಿಯ ಕಾರ್ಡುಗಳು ಎರಡೇ ವರ್ಷಕ್ಕೆ ಮುಗಿಯುವುದು ಸುಮ್ಮನೆ ಅಲ್ಲ. ಈ ಕಾರ್ಡಿಗೆ ನಮ್ಮ ನರ್ಸುಗಳು ಸಂಬಳದಿಂದ ಕೆಲವು ಸಾವಿರ ತೆಗೆದಿಡುತ್ತಾರೆ, ರಜೆ ಹಾಕುತ್ತಾರೆ. ಹೀಗೆ ಓಡಾಡುವವರಲ್ಲಿ ಅನೇಕರ ಕಣ್ಣು ವಿದೇಶದ ಮೇಲಿರುತ್ತದೆ. ಅವರನ್ನು ದೂರುವುದು ಸುಲಭ. ಅಲ್ಲಿ ಆ ಕಾರ್ಡನ್ನು ಕೇಳುತ್ತಾರೆ, ಇಲ್ಲಿ ಯಾರೂ ಕೇಳುವುದಿಲ್ಲ.

ಕೇಳಬೇಕಾದದ್ದು ಡ್ಯೂಟಿ ಪಟ್ಟಿ. ತಿಂಗಳ ಕೊನೆಗೆ ಇನ್‌ಚಾರ್ಜ್ ಸಿಸ್ಟರ್ ಗೆರೆ ಎಳೆದು ಹೆಸರು, ವಾರ್ಡು, ಪಾಳಿ ಬರೆಯುತ್ತಾರೆ. ಯಾರ ಬಳಿ ಯಾವ ತರಬೇತಿಯಿದೆ, ಅದು ಎಂದು ಮುಗಿಯುತ್ತದೆ ಎಂಬುದಕ್ಕೆ ಅದರಲ್ಲಿ ಕಾಲಮ್ಮಿಲ್ಲ. ಹೀಗಾಗಿ ತುರ್ತು ನರ್ಸಿಂಗ್ ಕಲಿತವರು ಕಣ್ಣಿನ ವಾರ್ಡಿನಲ್ಲಿ ಹನಿ ಹಾಕುತ್ತಿರಬಹುದು. ನಿನ್ನೆ ಕೆಲಸಕ್ಕೆ ಸೇರಿದ ಗುತ್ತಿಗೆ ನರ್ಸು ರಾತ್ರಿ ಪಾಳಿಯ ಕ್ಯಾಜುವಾಲ್ಟಿಯಲ್ಲಿ ನಿಂತಿರಬಹುದು.

ಆಡಳಿತದವರ ಉತ್ತರವನ್ನೂ ಕೇಳಬೇಕು. ಇರುವ ಕೈಗಳೇ ಕಡಿಮೆ, ಕಲಿತವರನ್ನೆಲ್ಲ ಒಂದೇ ಕಡೆ ಕಟ್ಟಿಹಾಕಿದರೆ ಉಳಿದ ವಾರ್ಡು ನಡೆಯುವುದು ಹೇಗೆ ಎನ್ನುತ್ತಾರೆ. ಕ್ಯಾಜುವಾಲ್ಟಿಯಲ್ಲಿ ವರ್ಷಗಟ್ಟಲೆ ನಿಂತು, ಸಂಬಂಧಿಕರ ಬೈಗುಳ ತಿಂದು ಬಳಲಿದ ಸಿಸ್ಟರುಗಳೇ ‘ಸ್ವಲ್ಪ ದಿನ ಬೇರೆ ಕಡೆ ಹಾಕ್ರಿ’ ಎಂದು ಕೇಳಿಕೊಳ್ಳುವುದೂ ಉಂಟು. ಎರಡೂ ನಿಜ. ಹಾಗಾದರೆ ಪ್ರತಿ ಪಾಳಿಗೆ ತರಬೇತಿ ಚಾಲ್ತಿಯಲ್ಲಿರುವ ಕನಿಷ್ಠ ಒಬ್ಬರು ಎಂಬ ನಿಯಮವಾದರೂ ಇರಲಿ, ಅಲ್ಲಿ ನಿಲ್ಲುವವರಿಗೆ ಭತ್ಯೆ ಇರಲಿ. ಮನೆಯವರು ದಬಾಯಿಸುವ ಜಾಗದಲ್ಲಿ ರಾತ್ರಿಯಿಡೀ ನಿಲ್ಲುವುದಕ್ಕೂ ಉಳಿದ ವಾರ್ಡಿನ ಕೆಲಸಕ್ಕೂ ಒಂದೇ ಲೆಕ್ಕ ಹಾಕುವುದು ನ್ಯಾಯವಲ್ಲ.

ಇನ್ನು ಏನನ್ನು ನವೀಕರಿಸಬೇಕು ಎಂಬ ಪ್ರಶ್ನೆ. ಅಮೆರಿಕದ ಪ್ರಶ್ನೆಪತ್ರಿಕೆಯನ್ನೇ ತಂದಿಟ್ಟರೆ ಉತ್ತರ ಕರ್ನಾಟಕಕ್ಕೆ ಅರ್ಧ ಉಪಯೋಗ. ಇಲ್ಲಿ ಹತ್ತಿಗೆ ಎಣ್ಣಿ (ಕೀಟನಾಶಕ) ಹೊಡೆಯುತ್ತಲೇ ತಲೆ ಸುತ್ತಿ ಬಿದ್ದವರು ಬರುತ್ತಾರೆ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಅಟ್ರೋಪಿನ್ ಕೊಡುತ್ತ ಎದೆಯ ಗುರುಗುರು ನಿಂತಿತೇ ಎಂದು ಐದೈದು ನಿಮಿಷಕ್ಕೆ ಆಲಿಸುತ್ತ ಕೂರುವುದು ತಾಸುಗಟ್ಟಲೆಯ ಕೆಲಸ. ಮಳೆಗಾಲದಲ್ಲಿ ಹಾವು ಕಡಿದವರು ಬರುತ್ತಾರೆ. ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿದೆಯೇ ಎಂದು ನೋಡುವ ಪರೀಕ್ಷೆ ಬಹಳ ಸರಳ: ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ, ಅಲುಗಾಡಿಸದೆ ಇಪ್ಪತ್ತು ನಿಮಿಷ. ಆಮೇಲೆ ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ಕೆಲಸ ಮಾಡಿದೆ ಎಂದರ್ಥ. ನಳಿಕೆ ಪ್ಲಾಸ್ಟಿಕ್ಕಿನದಾಗಿದ್ದರೆ, ಇಲ್ಲವೇ ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಯಂತ್ರವಿಲ್ಲದ, ಖರ್ಚಿಲ್ಲದ ಈ ಪರೀಕ್ಷೆ ನಿಂತಿರುವುದು ಗಡಿಯಾರ ನೋಡುವ ನರ್ಸಿನ ಮೇಲೆ.

ಡಿಪ್ಲೊಮಾದ ಹೆಸರಲ್ಲಿರುವ ‘ವಿಪತ್ತು’ ಎಂಬ ಪದವನ್ನಂತೂ ಧಾರವಾಡಕ್ಕೆ ಯಾರೂ ವಿವರಿಸಬೇಕಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮೂರು ದಿನ ಕಳೆದ ಮೇಲೂ ಅವಶೇಷದಡಿಯಿಂದ ಜೀವಂತವಾಗಿ ಬಂದವರಿದ್ದರು. ಇಂಥಲ್ಲಿ ತಾಸುಗಟ್ಟಲೆ ಕಾಲಿನ ಮೇಲೆ ಕುಳಿತ ಕಾಂಕ್ರೀಟನ್ನು ಎತ್ತಿದೊಡನೆ ಅಪಾಯ ಮುಗಿಯುವುದಿಲ್ಲ, ಶುರುವಾಗುತ್ತದೆ. ಜಜ್ಜಿದ ಸ್ನಾಯುವಿನ ಪೊಟ್ಯಾಸಿಯಮ್ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು. ಆದ್ದರಿಂದ ಭಾರ ಎತ್ತುವ ಮೊದಲೇ ಸಲೈನ್ ಹಚ್ಚಬೇಕು. ಐದಾರು ವರ್ಷಕ್ಕೊಮ್ಮೆ ಬೇಕಾಗುವ ಇಂಥ ತಿಳಿವಳಿಕೆಗೇ ನವೀಕರಣ ಹೆಚ್ಚು ಬೇಕು. ದಿನವೂ ಮಾಡುವುದನ್ನು ಕೈ ತಾನೇ ನೆನಪಿಟ್ಟುಕೊಳ್ಳುತ್ತದೆ.

ಇದು ದೊಡ್ಡಾಸ್ಪತ್ರೆಯ ಮಾತಷ್ಟೇ ಅಲ್ಲ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸಿನಲ್ಲಿ ಚಾಲಕನ ಹಿಂದೆ ರೋಗಿಯ ಪಕ್ಕ ಕೂರುವವರು ಶುಶ್ರೂಷಕರೇ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಎದೆಯ ಮೇಲೆ ಅಂಟಿಸುವ ಲೀಡು ಒಂದು ಪಕ್ಕೆಲುಬಿನಷ್ಟು ಮೇಲೆ ಹೋದರೂ ಗೆರೆಗಳು ಬೇರೆಯದನ್ನೇ ಹೇಳಬಲ್ಲವು. ತಪ್ಪು ಜಾಗದಿಂದ ಬಂದ ಗೆರೆಯನ್ನು ಎಷ್ಟು ದೊಡ್ಡ ತಜ್ಞರು ಓದಿದರೇನು?

ಸಾಧನಗಳಿಗೆ ಕೊರತೆಯಿದೆ ಎಂದು ಹುಬ್ಬಳ್ಳಿ-ಧಾರವಾಡದ ಬಗ್ಗೆ ಹೇಳಲಾಗದು. ಹುಬ್ಬಳ್ಳಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜೂ ಅದರ ನರ್ಸಿಂಗ್ ಸಂಸ್ಥೆಯೂ ಇವೆ. ನಡುವೆ ಇಪ್ಪತ್ತು ಕಿಲೋಮೀಟರ್ ಒಳಗಿನ ದಾರಿ, ಚಿಗರಿ ಹೆಸರಿನ ನಗರ ಬಸ್ಸು ಓಡುತ್ತದೆ. ಸುತ್ತಲ ಜಿಲ್ಲೆಗಳ ಕ್ಯಾಜುವಾಲ್ಟಿ ನರ್ಸುಗಳೂ 108ರ ಸಿಬ್ಬಂದಿಯೂ ಮೂರು ತಿಂಗಳಿಗೊಮ್ಮೆ ಅರ್ಧ ದಿನ ಇಲ್ಲಿಗೆ ಬಂದು ಬೊಂಬೆಯ ಎದೆ ಒತ್ತಿ, ನಳಿಕೆ ಓರೆ ಮಾಡಿ, ಲೀಡು ಅಂಟಿಸಿ ಹೋಗುವಂತೆ ಮಾಡಲು ಹೊಸ ಕಟ್ಟಡ ಬೇಕಿಲ್ಲ. ಆ ಅರ್ಧ ದಿನವನ್ನು ರಜೆಯೆಂದು ಕತ್ತರಿಸದೆ ಡ್ಯೂಟಿಯೆಂದು ಬರೆದರೆ, ಖರ್ಚನ್ನು ಆಸ್ಪತ್ರೆ ಹೊತ್ತರೆ ಸಾಕು.

1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ತಂದಿದೆ. ರಾಜ್ಯಗಳೂ ತಮ್ಮ ಆಯೋಗ ರಚಿಸಬೇಕು. ಕರ್ನಾಟಕ ತನ್ನ ನಿಯಮ ಬರೆಯುವಾಗ 150 ಗಂಟೆಗಳಲ್ಲಿ 50ನ್ನಾದರೂ ನರ್ಸು ಕೆಲಸ ಮಾಡುವ ವಿಭಾಗಕ್ಕೇ ಮೀಸಲಿಡಬಹುದು, ತುರ್ತು ಡಿಪ್ಲೊಮಾಕ್ಕೆ ನಾಲ್ಕೈದು ವರ್ಷದ ಅವಧಿ ಗೊತ್ತುಮಾಡಬಹುದು. ಆ ಕರಡನ್ನು ಬೆಂಗಳೂರಿನಲ್ಲಿ ಕೂತು ಮುಗಿಸುವ ಮೊದಲು ಒಂದು ರಾತ್ರಿ ಪಾಳಿಯ ಮಟ್ಟಿಗೆ ಹುಬ್ಬಳ್ಳಿಯ ಯಾವುದಾದರೂ ಕ್ಯಾಜುವಾಲ್ಟಿಗೆ ಕಳಿಸಿಕೊಟ್ಟರೆ, ಬೆಳಗಿನ ಏಳು ಗಂಟೆಗೆ ಪಾಳಿ ಬಿಡುವ ಸಿಸ್ಟರುಗಳು ಅದರ ಅಂಚಿನಲ್ಲಿ ಪೆನ್ನಿನಿಂದ ಇನ್ನೂ ನಾಲ್ಕು ಸಾಲು ಸೇರಿಸಿ ಕೊಟ್ಟಾರು.