ಕಾರಿಗೆ ಎರಡು ಬಣ್ಣ, ಬಣ್ಣ ಹೊಡೆಯುವವರಿಗೆ ಒಂದು ಮಾಸ್ಕ್

ಹಳೇ ಕಾರಿಗೆ ಎರಡು ಬಣ್ಣ ಹೊಡೆಸಿದರೆ ಎಷ್ಟು ಚೆಂದ ಅಂತ ನಿಮಗೆಲ್ಲ ಗೊತ್ತು. ಮೇಲೆ ಕೆನೆ ಬಣ್ಣ, ಕೆಳಗೆ ಕಡು ಹಸಿರು ಇರುವ ಅಂಬಾಸಿಡರ್ ಬಂದರೆ ನಾವು ಆಟ ನಿಲ್ಲಿಸಿ ನೋಡುತ್ತೇವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತು. ಆದ್ದರಿಂದ ಉಳಿದಿರುವ ಕಾರುಗಳನ್ನು ಜನ ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಅದಕ್ಕೆ ಬಣ್ಣ ಹೊಡೆಯುವವರನ್ನು ಯಾರು ನೋಡಿಕೊಳ್ಳುತ್ತಾರೆ? ಇದೇ ನನ್ನ ಪ್ರಶ್ನೆ.

ನಮ್ಮ ಸಿದ್ದಾಪುರದ ಪಕ್ಕ ಲಾಲ್‌ಬಾಗ್. ಅದರ ಆಚೆ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗದ ಅಂಗಡಿಗಳು ಸಾಲಾಗಿವೆ. ಹೀಗಾಗಿ ಗ್ಯಾರೇಜ್ ಕೆಲಸ ನಮಗೆ ಹೊಸದಲ್ಲ. ನಮ್ಮ ಬೀದಿಯ ಒಬ್ಬ ಅಣ್ಣನೂ ಬಣ್ಣದ ಕೆಲಸಕ್ಕೆ ಹೋಗುತ್ತಾನೆ. ಎರಡು ಬಣ್ಣ ಹೊಡೆಯುವುದು ಹೇಗೆ ಅಂತ ಅವನೇ ಹೇಳಿದ್ದು.

ಮೊದಲು ಹಳೇ ಬಣ್ಣ ಉಜ್ಜಿ ತೆಗೆಯಬೇಕು. ತಗ್ಗು ಇರುವ ಕಡೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜಬೇಕು. ಆಮೇಲೆ ಸಾಮಾನ್ಯವಾಗಿ ತಿಳಿ ಬಣ್ಣ ಮೊದಲು. ಅದು ಒಣಗಿದ ಮೇಲೆ ಆ ಭಾಗಕ್ಕೆಲ್ಲ ಪೇಪರ್ ಮುಚ್ಚಿ, ಅಂಚಿಗೆ ಟೇಪ್ ಅಂಟಿಸಿ, ಗಾಢ ಬಣ್ಣ ಹೊಡೆಯುತ್ತಾರೆ. ಟೇಪ್ ನಿಧಾನವಾಗಿ ಬಿಚ್ಚಿದರೆ ನಡುವೆ ದಾರ ಹಿಡಿದಂತೆ ಗೆರೆ ಬರುತ್ತೆ.

ಈ ಟೇಪ್ ಹುಟ್ಟಿದ್ದೇ ಎರಡು ಬಣ್ಣದ ಕಾರಿನಿಂದ! ಅಮೆರಿಕದಲ್ಲಿ ಆಗ ಎರಡು ಬಣ್ಣದ ಕಾರುಗಳ ಹುಚ್ಚು. ಪೇಪರ್ ಅಂಟಿಸಿ ಕಿತ್ತರೆ ಹೊಸ ಬಣ್ಣವೂ ಕಿತ್ತು ಬರುತ್ತಿತ್ತು. ತ್ರೀಎಂ ಕಂಪನಿಯ ರಿಚರ್ಡ್ ಡ್ರೂ ಎಂಬುವರು ಉಜ್ಜುವ ಕಾಗದ ಪರೀಕ್ಷೆ ಮಾಡಲು ಗ್ಯಾರೇಜಿಗೆ ಹೋದಾಗ ಈ ಕಷ್ಟ ನೋಡಿ, 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದರು. ಮಾಸ್ಕ್ ಅಂದರೆ ಮುಖವಾಡ. ಅಂದರೆ ಕಾರಿಗೆ ಮಾಸ್ಕ್ ಬಂದು ನೂರು ವರ್ಷ ಆಯಿತು. ಹೊಡೆಯುವವರ ಮೂಗಿಗೆ ಮಾತ್ರ ಎಷ್ಟೋ ಕಡೆ ಇವತ್ತಿಗೂ ಬರೀ ಕರ್ಚೀಫು.

ಕರ್ಚೀಫಿನಿಂದ ಏನೂ ಪ್ರಯೋಜನವಿಲ್ಲ. ಎರಡು ಡಬ್ಬಿ ಬೆರೆಸಿ ಹೊಡೆಯುವ ಪಿ.ಯು. ಪೇಂಟ್ ಚೆನ್ನಾಗಿ ಹೊಳೆಯುತ್ತೆ. ಅದನ್ನು ಗಟ್ಟಿ ಮಾಡುವ ಡಬ್ಬಿಯಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇದೆ. ಗನ್ನಿನಿಂದ ಬರುವ ಮಂಜಿನಲ್ಲಿ ಅದು ಎದೆಗೆ ಹೋದರೆ ಆಸ್ತಮಾ ಬರಬಹುದು. ಒಂದು ಸಲ ದೇಹಕ್ಕೆ ಅದು ಒಗ್ಗದೆ ಹೋದರೆ, ಆಮೇಲೆ ಸ್ವಲ್ಪವೇ ಸಾಕು, ಉಸಿರು ಕಟ್ಟುತ್ತೆ. ಹಳೇ ಕಾರಿನ ಹಳೇ ಬಣ್ಣದಲ್ಲಿ ಸೀಸವೂ ಇರಬಹುದು. ಒಣಗಿದ್ದನ್ನೇ ಉಜ್ಜಿದರೆ ಧೂಳು ಏಳುತ್ತೆ, ಬಟ್ಟೆಗೆ ಅಂಟಿ ಮನೆಗೂ ಬರುತ್ತೆ. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ತುಂಬಾ ಕೆಟ್ಟದ್ದು. ಎರಡು ಬಣ್ಣ ಅಂದರೆ ಅದೇ ಮಂಜಿನಲ್ಲಿ ಇನ್ನೊಂದು ಸಲ ನಿಲ್ಲಬೇಕು, ಇದನ್ನು ಮರೆಯಬಾರದು.

‘ಅಭ್ಯಾಸ ಆಗೋಗಿದೆ ಬಿಡೋ’ ಅಂತಾನೆ ಅಣ್ಣ. ಕೈಗೆ ಅಭ್ಯಾಸ ಆಗಬಹುದು, ಶ್ವಾಸಕೋಶಕ್ಕೆ ಅಭ್ಯಾಸ ಆಗುತ್ತದೆಯೇ? ಇನ್ನು ಕೆಲವರು ‘ಅದಕ್ಕೆಲ್ಲ ಖರ್ಚು ಜಾಸ್ತಿ’ ಅಂತಾರೆ. ಅವರಿಗೆ ನನ್ನ ಉತ್ತರ ಇದು. ನಮ್ಮ ಊರಿನ ಗ್ಯಾಸ್ ಆಟೋಗೆ ಹಸಿರು ಮೈ, ಹಳದಿ ಟಾಪ್ ಇದೆ. ಮುಂಬೈ ಟ್ಯಾಕ್ಸಿಗೆ ಕಪ್ಪು, ಹಳದಿ. ಅಲ್ಲಿ ಎರಡು ಬಣ್ಣ ಇರುವುದು ಗುರುತಿಗೆ. ಆದರೆ ಮನೆಯ ಹಳೇ ಕಾರಿಗೆ ಎರಡನೇ ಬಣ್ಣ ಬರೀ ಆಸೆಗೆ. ಆಸೆ ತಪ್ಪಲ್ಲ. ಆಸೆಗೆ ದುಡ್ಡು ಕೊಡುವವರು ಮಾಸ್ಕಿಗೂ ಕೊಡಲಿ. ಕೊಡೋಕಾಗಲ್ಲ ಅಂದರೆ ಒಂದೇ ಬಣ್ಣ ಸಾಕು, ಕಾರು ಅದರಲ್ಲೂ ಓಡುತ್ತೆ.

ಆದ್ದರಿಂದ ಕಾರಿನ ಮಾಲೀಕರು ‘ಎಷ್ಟಾಗುತ್ತೆ, ಯಾವಾಗ ಕೊಡ್ತೀರ’ ಅಂತ ಮಾತ್ರ ಕೇಳಬಾರದು. ‘ಹೊಡೆಯುವವರಿಗೆ ಮಾಸ್ಕ್ ಇದೆಯಾ’ ಅಂತಲೂ ಕೇಳಬೇಕು. ಬಟ್ಟೆ ಮಾಸ್ಕ್ ಅಲ್ಲ, ಪಿ.ಯು. ಹೊಡೆಯುವಾಗ ಕೊಳವೆಯಿಂದ ಶುದ್ಧ ಗಾಳಿ ಬರುವ ಮಾಸ್ಕ್. ಗ್ಯಾರೇಜಿನವರು ನೀರು ಹಾಕಿ ಉಜ್ಜಿಸಬೇಕು, ಆ ಕೆಸರನ್ನು ಚರಂಡಿಗೆ ಬಿಡಬಾರದು. ಬಣ್ಣ ಹೊಡೆಯುವ ಜಾಗದಲ್ಲಿ ಗಾಳಿ ಹೊರಗೆಳೆಯುವ ಫ್ಯಾನ್ ಇರಬೇಕು, ಬೇರೆಯವರು ಅಲ್ಲಿ ನಿಲ್ಲಬಾರದು. ಅಣ್ಣ, ಅಪ್ಪ, ಮಾವ ಯಾರಾದರೂ ಈ ಕೆಲಸ ಮಾಡುತ್ತಿದ್ದರೆ, ಬಟ್ಟೆ ಬದಲಿಸಿ ಕೈಮುಖ ತೊಳೆದು ಮಕ್ಕಳನ್ನು ಎತ್ತಿಕೊಳ್ಳಿ ಅಂತ ನಾವೇ ಹೇಳಬಹುದು. ಇದಕ್ಕೆ ಖರ್ಚೇ ಇಲ್ಲ.

ಕಾರಿನ ಬಣ್ಣ ಯಾವುದು ಅಂತ ಆರ್.ಸಿ.ಯಲ್ಲಿ ಬರೆದಿರುತ್ತೆ. ಹೊಡೆದವರ ಹೆಸರು ಎಲ್ಲೂ ಇರಲ್ಲ. ‘ಮೇಲೆ ಥಳುಕು, ಒಳಗೆ ಹುಳುಕು’ ಅಂತ ಗಾದೆ ಇದೆ. ಕಾರು ಥಳಥಳ ಹೊಳೆದು, ಹೊಡೆದವರ ಎದೆಯೊಳಗೆ ಹುಳುಕು ಆದರೆ ಆ ಅಂದ ಅಂದವೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನ್ನಿಸಿದರೆ ಬರೆದು ಕೊಡಿ, ಮುಂದಿನ ಸಂಚಿಕೆಯಲ್ಲಿ ಪಕ್ಕದಲ್ಲೇ ಅಂಟಿಸೋಣ.

– ಏಳನೇ ತರಗತಿ ವಿದ್ಯಾರ್ಥಿ