ಗಾಡಿ ಎಷ್ಟು ತಿನ್ನುತ್ತದೆ?

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಕೂಡ್ಲಿಗಿ ತಾಲ್ಲೂಕನ್ನು ಸೀಳಿಕೊಂಡು ಸಾಗುತ್ತದೆ. ಬೆಂಗಳೂರಿನಿಂದ ಹಂಪಿಗೆ ಹೊರಟ ಸಿರಿವಂತರ ಕಾರುಗಳಿಗೂ ಇದೇ ದಾರಿ. ರಸ್ತೆ ಅಗಲವಾಗಿದೆ, ನೇರವಾಗಿದೆ. ನೆಲಕ್ಕಂಟಿದಂತಿರುವ ಸ್ಪೋರ್ಟ್ಸ್ ಕಾರೊಂದು ಗರ್ಜಿಸುತ್ತ ಬಂದರೆ, ಮಂದೆಯನ್ನು ಆಚೆ ದಾಟಿಸಬೇಕಾದ ಕುರಿಗಾಹಿ ಅಂಚಿನಲ್ಲೇ ನಿಲ್ಲಬೇಕು. ದಾರಿ ಮೊದಲು ಅವನದಾಗಿತ್ತು ಎಂಬುದು ಈಗ ಯಾರ ನೆನಪಿನಲ್ಲೂ ಇಲ್ಲ.

ಇಂಥ ಕಾರುಗಳ ಸುತ್ತ ನಗರದಲ್ಲಿ ಒಂದು ವಾದ ಬಹುಕಾಲದಿಂದ ನಡೆದಿದೆ. ಮೈಲೇಜು ಮುಖ್ಯವೋ, ಓಡಿಸುವ ಸುಖ ಮುಖ್ಯವೋ? ಇಷ್ಟೊಂದು ಪೆಟ್ರೋಲ್ ಕುಡಿಯುವ ವಾಹನ ದಂಡದ ವೆಚ್ಚವೆಂದು ಒಂದು ಪಕ್ಷ. ಕೊಳ್ಳಬಲ್ಲವನಿಗೆ ಪೆಟ್ರೋಲಿನ ಚಿಂತೆ ಏಕೆಂದು ಇನ್ನೊಂದು ಪಕ್ಷ. ಪರಸ್ಪರ ವಿರೋಧಿಗಳಂತೆ ಕಾಣುವ ಈ ಎರಡೂ ಪಕ್ಷಗಳದು ಒಂದೇ ತಪ್ಪು. ಇಂಧನದ ಲೆಕ್ಕವೆಂದರೆ ಮಾಲೀಕನ ಜೇಬಿನ ಲೆಕ್ಕವೆಂದೇ ಇಬ್ಬರೂ ಭಾವಿಸಿದ್ದಾರೆ. ಮಾಲೀಕನ ಜೇಬಿನಿಂದ ಹೋಗುವುದು ಹಣ ಮಾತ್ರ. ಕಾರಿಗಾಗಿ ಕರಗುವ ಗುಡ್ಡ, ಬೆಳೆ ಬದಲಿಸುವ ಹೊಲ, ಹೊಗೆ ತುಂಬುವ ಗಾಳಿ ಅವನ ಜೇಬಿನವಲ್ಲ.

ಬಸ್ಸಿನ ಮೈಲೇಜು

ಮೋಟರ್ ಸೈಕಲ್ ಕೊಳ್ಳುವ ರೈತನ ಮೊದಲ ಪ್ರಶ್ನೆ “ಎಷ್ಟು ಕೊಡ್ತದೆ?” ಎಂಬುದು. ಮಿತವ್ಯಯವನ್ನು ಬರಗಾಲದ ಸೀಮೆಗೆ ಬೇರೆಯವರು ಬಂದು ಕಲಿಸಬೇಕಾಗಿಲ್ಲ. ಆದರೆ ಆ ಪ್ರಶ್ನೆಯನ್ನು ಸರಿಯಾಗಿ ಕೇಳಬೇಕಾದರೆ ಗಾಡಿಯೊಳಗೆ ಕುಳಿತವರನ್ನೂ ಎಣಿಸಬೇಕು. ಹತ್ತು ಸಿಲಿಂಡರಿನ ಲ್ಯಾಂಬೊರ್ಗಿನಿ ಹುರಕಾನ್‌ನಂಥ ಕಾರು ಲೀಟರಿಗೆ ಸುಮಾರು 7 ಕಿಲೋಮೀಟರ್ ಓಡುತ್ತದೆ, ಆಸನಗಳು ಎರಡು. ಸರ್ಕಾರಿ ಬಸ್ಸು ಲೀಟರಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ. ಒಳಗೆ 50 ಜನ. ಅಂದರೆ ಒಂದು ಲೀಟರಿನಲ್ಲಿ ಕಾರು ಇಬ್ಬರನ್ನು ಹೊತ್ತು ಮಾಡುವ ಕೆಲಸ 14, ಬಸ್ಸು ಮಾಡುವ ಕೆಲಸ 250. ಕೊಟ್ಟೂರಿನಿಂದ ಹರಪನಹಳ್ಳಿಗೆ ಬಾಗಿಲಲ್ಲಿ ಜೋತುಬಿದ್ದು ಹೋಗುವ ಕಾಲೇಜು ವಿದ್ಯಾರ್ಥಿಯೇ ಈ ನಾಡಿನ ಅತ್ಯಂತ ಮಿತವ್ಯಯಿ ಪ್ರಯಾಣಿಕ. ಅವನಿಗೆ ಇನ್ನೊಂದು ಬಸ್ಸು ಕೊಡಲು ಹಣವಿಲ್ಲ. ವೇಗದ ಕಾರಿಗೆ ಹೆದ್ದಾರಿ ಅಗಲಿಸಲು ಹಣವಿದೆ.

ವೇಗದ ಸುಖಕ್ಕೆ ಇಂಧನ ಏಕಿಷ್ಟು ಬೇಕು ಎಂಬುದರಲ್ಲಿ ರಹಸ್ಯವೇನಿಲ್ಲ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿಲೋಮೀಟರಿನಿಂದ 120ಕ್ಕೆ ಹೋದರೆ ವೇಗ ಹೆಚ್ಚಿದ್ದು ಒಂದೂವರೆ ಪಟ್ಟು. ಗಾಳಿಯ ತಡೆ ಹೆಚ್ಚಿದ್ದು ಎರಡೂಕಾಲು ಪಟ್ಟು. ಉಳಿಸಿದ ಅರ್ಧ ಗಂಟೆ ಮಾಲೀಕನದು, ಸುಟ್ಟ ಇಂಧನದ ಹೊಗೆ ಎಲ್ಲರದು.

ಗುಡ್ಡದ ಲೆಕ್ಕ

ಇಂಧನಕ್ಕೂ ಮೊದಲು ಕಾರು ತಿನ್ನುವುದು ಗುಡ್ಡವನ್ನು. ಸಾಧಾರಣ ಕಾರೊಂದರಲ್ಲಿ ಸರಾಸರಿ 900 ಕಿಲೋ ಉಕ್ಕಿರುತ್ತದೆ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಾಗಲು ಸುಮಾರು 1.4 ಟನ್ ಕಬ್ಬಿಣದ ಅದಿರು ಬೇಕು. ಕೂಡ್ಲಿಗಿಯ ನೆರೆಯ ಸಂಡೂರಿನ ಗುಡ್ಡಗಳು ಹೀಗೆಯೇ ಲಾರಿ ಹತ್ತಿದವು. 2000ರ ದಶಕದಲ್ಲಿ ಬಂದರುಗಳತ್ತ ಸಾಗಿದ ಅದಿರು ಲಾರಿಗಳು ಈ ಸೀಮೆಯ ರಸ್ತೆಗಳನ್ನು ಹಾಳುಗೆಡವಿ, ಅಂಚಿನ ಬೆಳೆಗಳ ಮೇಲೆ ಕೆಂಪು ಧೂಳು ಹೊದಿಸಿದವು. ಅದೇ ಹಣದಲ್ಲಿ ಬಳ್ಳಾರಿ, ಹೊಸಪೇಟೆಗಳಲ್ಲಿ ವಿದೇಶಿ ಕಾರುಗಳು ಮೆರೆದವು. 2011ರ ಜುಲೈ 27ರಂದು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡು ದಿನಗಳ ನಂತರ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರಲ್ಲಿ ಷರತ್ತುಗಳೊಂದಿಗೆ ಅದು ಮತ್ತೆ ತೆರೆದುಕೊಂಡಿತು. 2024ರಲ್ಲಿ ಸಂಡೂರಿನ ದೇವದಾರಿ ಗುಡ್ಡದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಗಣಿ ತೆರೆಯುವ ಯೋಜನೆ ಪುನಃ ವಿವಾದವೆಬ್ಬಿಸಿತು. ಅಂಗಡಿಯಲ್ಲಿ ಹೊಳೆಯುವ ಕಾರಿನ ಮೈಲೇಜು ಫಲಕದಲ್ಲಿ ಈ ಗುಡ್ಡಗಳ ಲೆಕ್ಕ ಎಲ್ಲಿದೆ?

ಹೊಲದ ಲೆಕ್ಕ

ಈಗ ಕಾರು ಹೊಲಕ್ಕೂ ಬಾಯಿ ಹಾಕಿದೆ. ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸಲಾಗುತ್ತಿದೆ. ಆ ಎಥನಾಲಿಗೆ ಕಬ್ಬಿನ ಜೊತೆ ಮೆಕ್ಕೆಜೋಳವೂ ದೊಡ್ಡ ಮೂಲವಾಗಿದೆ. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಎರೆ–ಮಸಾರಿ ಹೊಲಗಳಲ್ಲಿ ಜೋಳ, ಸಜ್ಜೆ, ನವಣೆಗಳ ಜಾಗವನ್ನು ಮೆಕ್ಕೆಜೋಳ ಆಕ್ರಮಿಸಿದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ದೊರೆಯುತ್ತದೆ. ಬೆಂಗಳೂರಿನಿಂದ ಹೊಸಪೇಟೆಗೆ ಬರಲು ಮೇಲೆ ಹೇಳಿದ ಕಾರಿಗೆ ಸುಮಾರು 50 ಲೀಟರ್ ಇಂಧನ ಬೇಕು. ಅದರೊಳಗಿನ 10 ಲೀಟರ್ ಎಥನಾಲ್ ಪೂರ್ತಿ ಮೆಕ್ಕೆಜೋಳದ್ದೇ ಆದರೆ 26 ಕಿಲೋ ಕಾಳು ಒಂದು ಬೆಳಗಿನ ಮೋಜಿಗೆ ಬೆಂದುಹೋಯಿತು.

ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಆದ್ದರಿಂದ ಮೈಲೇಜು ಇಳಿಯುತ್ತದೆ. ಈ ದೂರು ದೇಶದಾದ್ಯಂತ ಎದ್ದಾಗ, 2025ರ ಆಗಸ್ಟ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವು ಮಿಶ್ರ ಇಂಧನದಿಂದ ಪಿಕಪ್ ಉತ್ತಮಗೊಳ್ಳುತ್ತದೆಂದು ಸಮಜಾಯಿಷಿ ನೀಡಿತು. ಪಿಕಪ್ ಯಾರಿಗೆ ಬೇಕಾಗಿತ್ತು? ಸಂತೆಗೆ ಬದನೆಕಾಯಿ ಹೊತ್ತೊಯ್ಯುವ ಹಳೆಯ ಮೋಟರ್ ಸೈಕಲ್ಲಿಗೆ ಬೇಕಾದದ್ದು ಮೈಲೇಜು. ಎಥನಾಲಿನಿಂದ ಬೆಳೆಗಾರ ಉದ್ಧಾರವಾಗುತ್ತಾನೆಂಬ ಮಾತೂ ಪರೀಕ್ಷೆಗೆ ನಿಲ್ಲಲಿಲ್ಲ. ಮೆಕ್ಕೆಜೋಳಕ್ಕೆ ಕ್ವಿಂಟಲಿಗೆ 2400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ 2025ರ ಸುಗ್ಗಿಯಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದು, ರಾಜ್ಯದ ರೈತರು ಬೀದಿಗಿಳಿಯಬೇಕಾಯಿತು.

“ಎಷ್ಟು ಮಹಾ ಕಾರುಗಳಿವೆ?”

ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯಷ್ಟು, ವರ್ಷಕ್ಕೆ ಓಡುವುದೂ ಅಷ್ಟಕ್ಕಷ್ಟೇ, ಒಂದು ಬಾಡಿಗೆ ಟ್ಯಾಕ್ಸಿ ಅದಕ್ಕಿಂತ ಹೆಚ್ಚು ಇಂಧನ ಸುಡುತ್ತದೆ ಎಂಬ ವಾದವಿದೆ. ಅದು ಸುಳ್ಳಲ್ಲ. ಆದರೆ ಆ ಬೆರಳೆಣಿಕೆಯ ಕಾರುಗಳು ಹುಟ್ಟಿಸಿದ ಆಸೆ ಬೆರಳೆಣಿಕೆಯದಲ್ಲ. ಎಸ್‌ಯುವಿ ಎಂಬ ಹೆಸರಿನ ಮೊದಲ ಅಕ್ಷರವೇ ‘ಸ್ಪೋರ್ಟ್’. ಇಂದು ದೇಶದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ವರ್ಗದವು.

ಕಾನೂನು ಕೂಡ ಈ ಆಸೆಯ ಬೆನ್ನಿಗಿದೆ. ಇಂಧನ ದಕ್ಷತೆಯ ಕೇಂದ್ರ ನಿಯಮವು ಕಂಪನಿ ಮಾರಿದ ಎಲ್ಲ ಕಾರುಗಳ ಸರಾಸರಿಯನ್ನು ಅಳೆಯುತ್ತದೆ. ಹಳ್ಳಿಯ ಶಿಕ್ಷಕ ಕೊಂಡ ಸಣ್ಣ ಕಾರಿನ ಉಳಿತಾಯವೇ ದೊಡ್ಡ ಕಾರಿನ ದುಂದಿಗೆ ರಕ್ಷೆಯಾಗುತ್ತದೆ. ಕರ್ನಾಟಕದ ಜೀವಿತಾವಧಿ ತೆರಿಗೆ ಕಾರಿನ ಬೆಲೆಯನ್ನು ನೋಡುತ್ತದೆಯೇ ಹೊರತು ಅದು ಕುಡಿಯುವ ಇಂಧನವನ್ನಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಪರಿಷ್ಕರಣೆಯಾದಾಗ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲಿನ ಒಟ್ಟು ಭಾರ ಶೇಕಡ 50ರವರೆಗೆ ಇದ್ದದ್ದು 40ಕ್ಕೆ ಇಳಿಯಿತು.

ಪಯಣದ ಸುಖವನ್ನು ಈ ಸೀಮೆ ಎಂದೂ ಹಗೆಯೆಂದು ಕಂಡಿಲ್ಲ. ಭಾರತ ಹುಣ್ಣಿಮೆಗೆ ಮೈಲಾರದತ್ತ ಗೆಜ್ಜೆ ಕಟ್ಟಿದ ಎತ್ತುಗಳ ಬಂಡಿಗಳು ಸಾಲುಗಟ್ಟುತ್ತವೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಆ ಸುಖದ ವೆಚ್ಚವನ್ನು ಹೋಗುವವರೇ ಹೊರುತ್ತಾರೆ. ದಾರಿಬದಿಯ ಊರಿನ ಮೇಲೆ ಅದನ್ನು ಹೇರುವುದಿಲ್ಲ.

ಆದ್ದರಿಂದ ಐದೂ ತಾಲ್ಲೂಕುಗಳ ಗ್ರಾಮಸಭೆಗಳು ಮತ್ತು ವಿದ್ಯಾರ್ಥಿ ಸಂಘಗಳು ಈ ಬೇಡಿಕೆಗಳನ್ನು ಎತ್ತಬೇಕು: ವಾಹನ ತೆರಿಗೆ ತೂಕ ಮತ್ತು ಇಂಧನ ಬಳಕೆಯ ಮೇಲಿರಲಿ; ಹೆದ್ದಾರಿಯಲ್ಲಿ ಜನ ಜಾನುವಾರು ದಾಟುವ ಕಡೆಗಳಲ್ಲಿ ವೇಗದ ಮಿತಿ ಕಟ್ಟುನಿಟ್ಟಾಗಿ ಜಾರಿಯಾಗಲಿ; ದೊಡ್ಡ ಕಾರುಗಳಿಂದ ಬರುವ ತೆರಿಗೆಯ ಪಾಲು ಹಳ್ಳಿಗಳ ಬಸ್ಸಿಗೆ ಸಲ್ಲಲಿ. ಇನ್ನು ಮುಂದೆ ಯಾವ ಗಾಡಿಯ ಮುಂದೆ ನಿಂತರೂ ಹಳ್ಳಿಯ ಯುವಕರು ಎರಡು ಪ್ರಶ್ನೆ ಕೇಳಲಿ: ಇದು ಎಷ್ಟು ತಿನ್ನುತ್ತದೆ? ಯಾರದನ್ನು ತಿನ್ನುತ್ತದೆ?